ಭಾನುವಾರ ಬೆಳಿಗ್ಗೆ ಒಂಬತ್ತೂವರೆ: ದೂರದರ್ಶನದ ಕಾಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. 1986ರಲ್ಲಿ ನಮ್ಮ ಮನೆಗೆ ಟಿ.ವಿ. ಬಂದಾಗ ನನಗೆ ಎಂಟು ವರ್ಷ. ಹಬ್ಬಕ್ಕೆಂದು ಎಲ್ಲರೂ ಊರಿನಲ್ಲಿ ಸೇರಿದಾಗ ಮಾತು ಹೇಗೋ ತಿರುಗಿ ಆ ಟಿ.ವಿ.ಗೇ ಬಂದು ನಿಲ್ಲುತ್ತದೆ. ಆಮೇಲೆ ಮಕ್ಕಳ ಪ್ರಶ್ನೆ ಶುರು. ನನ್ನ ಮಗಳು, ಅಣ್ಣನ ಮಕ್ಕಳು, ಅವರ ಸ್ನೇಹಿತರು, ಈಚೆಗೆ ಕೆಲವು ಓದುಗರು ಕೂಡ ಕೇಳಿದ್ದನ್ನೆಲ್ಲ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

"ದೂರದರ್ಶನದ ಕಾಲ" ಅಂದರೆ ಯಾವ ವರ್ಷಗಳು?

ನಾನು ಲೆಕ್ಕ ಹಾಕುವುದು 1982ರಿಂದ ತೊಂಬತ್ತರ ದಶಕದ ನಡುವಿನವರೆಗೆ. ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು. ಆದರೆ ಬಹಳ ವರ್ಷ ಅದು ಕೆಲವೇ ನಗರಗಳ ಸಂಗತಿಯಾಗಿತ್ತು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು, ಇಡೀ ದೇಶಕ್ಕೆ ಒಂದೇ ರಾಷ್ಟ್ರೀಯ ಕಾರ್ಯಕ್ರಮವೂ ಬಂತು. 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಉಪಗ್ರಹ ಹಾರಿತು. 1984ರಿಂದ ಸಣ್ಣ ಊರುಗಳಲ್ಲೂ ಮರುಪ್ರಸಾರ ಕೇಂದ್ರಗಳು ಒಂದರ ಹಿಂದೆ ಒಂದು ಎದ್ದವು. ಅದೇ ವರ್ಷ ಜುಲೈನಲ್ಲಿ 'ಹಮ್ ಲೋಗ್' ಶುರುವಾಯಿತು. ಧಾರಾವಾಹಿಯ ಮುಂದಿನ ಕಂತಿಗಾಗಿ ಕಾಯುವುದನ್ನು ಈ ದೇಶ ಕಲಿತದ್ದು ಅಲ್ಲಿಂದಲೇ.

ಇನ್ನೊಂದು ಮಾತನ್ನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಇನ್ಸಾಟ್ ಉಪಗ್ರಹಗಳನ್ನು ನೆಲದಿಂದ ನೋಡಿಕೊಳ್ಳುತ್ತಿದ್ದ ಮುಖ್ಯ ನಿಯಂತ್ರಣ ಕೇಂದ್ರ ಇದ್ದದ್ದು ನಮ್ಮ ಹಾಸನದಲ್ಲಿ. ದೆಹಲಿಯಿಂದ ಹೊರಟ ರಾಮಾಯಣ ಆಕಾಶ ಹತ್ತಿ ನಮ್ಮ ನಡುಮನೆಗೆ ಇಳಿಯುವುದರಲ್ಲಿ ಹಾಸನದವರ ಕೈಯೂ ಇತ್ತು.

ಕರ್ನಾಟಕದಲ್ಲಿ ಮೊದಲು ಟಿ.ವಿ. ನೋಡಿದವರು ಬೆಂಗಳೂರಿನವರಲ್ಲವೇ?

ಅಲ್ಲ. ಮೊದಲು ನೋಡಿದವರು ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯವರು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಸೈಟ್ (ಉಪಗ್ರಹದ ಮೂಲಕ ಟಿ.ವಿ. ಶಿಕ್ಷಣ) ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಕಳಿಸಿದರು. ಊರಿಗೊಂದು ಸಾರ್ವಜನಿಕ ಟಿ.ವಿ. ಇರುತ್ತಿತ್ತು, ಅದರ ಪಕ್ಕದಲ್ಲಿ ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಲ್ಲಿ ಮಾಡಿದ ದೊಡ್ಡ ಬೋಗುಣಿಯಂಥ ಆಂಟೆನಾ. ಬೇಸಾಯ, ಆರೋಗ್ಯ, ಶಾಲೆಯ ಪಾಠಗಳನ್ನು ಕನ್ನಡದಲ್ಲೇ ತೋರಿಸುತ್ತಿದ್ದರು. ಬೆಂಗಳೂರು ದೂರದರ್ಶನ ಕೇಂದ್ರ ಬಂದದ್ದು ಆಮೇಲೆ, 1981ರ ನವೆಂಬರ್‌ನಲ್ಲಿ. ನಮ್ಮ ಟಿ.ವಿ. ಚರಿತ್ರೆ ಹೇಳುವವರು ಈ ಮೂರು ಜಿಲ್ಲೆಗಳನ್ನು ಬಿಟ್ಟು ಹೇಳಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಭಾನುವಾರ ಬೆಳಿಗ್ಗೆ ರಸ್ತೆಯೆಲ್ಲ ಖಾಲಿ ಇರುತ್ತಿತ್ತಂತೆ. ಹೌದೇ?

ಹೌದು. ರಮಾನಂದ ಸಾಗರ್ ಅವರ 'ರಾಮಾಯಣ' 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತಿತ್ತು. ಅದು ಮುಗಿದ ಎರಡು ತಿಂಗಳಿಗೆ, 1988ರ ಅಕ್ಟೋಬರ್ 2ರಿಂದ, ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಶುರುವಾಗಿ 1990ರ ಜೂನ್ 24ರವರೆಗೆ 94 ಕಂತು ನಡೆಯಿತು. ಹೆಚ್ಚುಕಡಿಮೆ ಮೂರೂವರೆ ವರ್ಷ ನಮ್ಮ ಭಾನುವಾರದ ಬೆಳಿಗ್ಗೆ ಈ ಎರಡು ಕಥೆಗಳಿಗೇ ಮೀಸಲು.

ನಮ್ಮ ಮನೆಯಲ್ಲಿ ಅವತ್ತು ಐದಕ್ಕೇ ಹಂಡೆಗೆ ಉರಿ ಹಾಕುತ್ತಿದ್ದರು. ಎಂಟೂವರೆಯೊಳಗೆ ಎಲ್ಲರದ್ದೂ ತಲೆಸ್ನಾನ ಆಗಬೇಕು, ಒಂಬತ್ತಕ್ಕೆ ತಿಂಡಿ ಮುಗಿಯಬೇಕು. ಟಿ.ವಿ.ಯ ಮರದ ಶಟರ್ ಸರಿಸುವ ಅಧಿಕಾರ ತಾತನದು. ಶಟರ್ ಸರಿಸಿ ಊದುಬತ್ತಿ ಹಚ್ಚಿಡುತ್ತಿದ್ದರು. ನೆಲಕ್ಕೆ ಎರಡು ಜಮಖಾನ ಹಾಸಿ ಮುಂದೆ ಮಕ್ಕಳು, ಹಿಂದೆ ಹೆಂಗಸರು, ಗೋಡೆಗೆ ಒರಗಿ ಗಂಡಸರು ಕೂರುತ್ತಿದ್ದರು. ಹೊಸ್ತಿಲಿನಿಂದ ಆಚೆಗೆ ಚಪ್ಪಲಿಯ ರಾಶಿ. ಚಪ್ಪಲಿ ಬಿಡಿ ಎಂದು ಯಾರೂ ಯಾರಿಗೂ ಹೇಳಿದ್ದಲ್ಲ.

ಹಿಂದಿ ಬಾರದ ಹಳ್ಳಿಯವರು ಅದನ್ನು ಹೇಗೆ ನೋಡುತ್ತಿದ್ದರು?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಭಾಷೆ ಬಾರದಿದ್ದರೇನು, ಕಥೆ ಎಲ್ಲರಿಗೂ ಗೊತ್ತಿತ್ತು. ಬರೀ ಗೊತ್ತಿತ್ತು ಅನ್ನುವಂತೆಯೂ ಇಲ್ಲ, ಬಾಯಿಪಾಠವೇ ಇತ್ತು. ಗುಬ್ಬಿ ಅಂದರೆ ನಾಟಕದ ಊರು. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ಆನೆ, ಕುದುರೆ ತಂದದ್ದನ್ನು ನೋಡಿದವರು ಆಗಿನ್ನೂ ನಮ್ಮೂರಿನಲ್ಲಿ ಇದ್ದರು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಇವತ್ತಿಗೂ ಜಾತ್ರೆಗೆ 'ಕುರುಕ್ಷೇತ್ರ' ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಕಲಿಯುತ್ತಾರೆ. ಹೀಗಾಗಿ ನಮ್ಮ ಜಮಖಾನದ ಹಿಂದಿನ ಸಾಲಿನಲ್ಲಿ ಇಬ್ಬರು ದುರ್ಯೋಧನರು, ಒಬ್ಬ ಶಕುನಿ, ವಯಸ್ಸಾದ ಒಬ್ಬ ಕೃಷ್ಣ ಕೂತಿರುತ್ತಿದ್ದರು. ಟಿ.ವಿ.ಯ ದುರ್ಯೋಧನ ಪುನೀತ್ ಇಸ್ಸಾರ್ ಗದೆ ಹಿಡಿದು ಬಂದಾಗ ನಮ್ಮೂರ ದುರ್ಯೋಧನ ಮಂಡಿ ಮೇಲೆ ಕೈಯೂರಿ ಮುಂದಕ್ಕೆ ಬಾಗುತ್ತಿದ್ದ. ಒಪ್ಪಿಗೆಯಾದರೆ "ಹ್ಞೂಂ" ಎಂದು ಗಂಟಲಲ್ಲೇ ಒಂದು ಶಬ್ದ. ಆಗದಿದ್ದರೆ ಸುಮ್ಮನೆ ಹೊರಗೆ ನೋಡುತ್ತಿದ್ದ.

ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಆದರೆ ಚಿಕ್ಕಂದಿನಿಂದ ಗಮಕ ಕೇಳಿ ಕುಮಾರವ್ಯಾಸನ ಪದ್ಯಗಳು ಕಿವಿಯಲ್ಲಿ ಕೂತಿದ್ದವು. ಮಹಾಭಾರತದ ನಿರೂಪಕನಾದ 'ಸಮಯ'ದ ದನಿ ಹಿಂದಿಯಲ್ಲಿ ಕಥೆ ಬಿಚ್ಚುತ್ತಿದ್ದಂತೆ ಅಜ್ಜಿ ಇಲ್ಲಿ ಕನ್ನಡದಲ್ಲಿ ಅದೇ ಸಂದರ್ಭದ ಎರಡು ಸಾಲು ಗುನುಗುತ್ತಿದ್ದರು. ಕೆಲವು ಸಲ "ಕುಮಾರವ್ಯಾಸ ಹೀಗೆ ಹೇಳಿಲ್ಲ ಕಣ್ರೋ" ಅನ್ನುತ್ತಿದ್ದರು. ಆ ಹಿಂದಿಯ ಮಹಾಭಾರತದ ಕೆಳಗೆ ನಮ್ಮ ಮನೆಯಲ್ಲಿ ಒಂದು ಕನ್ನಡ ಮಹಾಭಾರತವೂ ನಡೆಯುತ್ತಿತ್ತು. ನಾನು ಕುಮಾರವ್ಯಾಸನ ಹೆಸರು ಮೊದಲು ಕೇಳಿದ್ದು ಶಾಲೆಯಲ್ಲಲ್ಲ, ಟಿ.ವಿ. ಮುಂದೆ.

ಉಳಿದ ಕಾರ್ಯಕ್ರಮಗಳ ವಿಷಯ ಬೇರೆ. 'ಬುನಿಯಾದ್'ನಂಥದ್ದಕ್ಕೆ ಹಿಂದಿ ಬೇಕೇ ಬೇಕು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ರಜೆಗೆ ಬಂದಾಗಲಷ್ಟೇ ನಮಗೆ ಅದು ಅರ್ಥವಾಗುತ್ತಿದ್ದದ್ದು. ಅವರು ಒಂದು ಮಾತನ್ನು ಕನ್ನಡಕ್ಕೆ ತಂದು ಮುಗಿಸುವಷ್ಟರಲ್ಲಿ ಅಲ್ಲಿ ಮೂರು ಮಾತು ದಾಟಿಹೋಗಿರುತ್ತಿತ್ತು.

ಆಂಟೆನಾ ಯಾಕೆ ತಿರುಗಿಸಬೇಕಿತ್ತು?

ಮೀನಿನ ಮುಳ್ಳಿನ ಹಾಗೆ ಕಾಣುವ ಆ ಆಂಟೆನಾಕ್ಕೆ ಯಾಗಿ ಎಂದು ಹೆಸರು, ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಜಪಾನಿನ ಎಂಜಿನಿಯರ್ ಹೆಸರೇ ಅದು. ಅದು ಒಂದೇ ದಿಕ್ಕಿನಿಂದ ಬರುವ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇರೆ ದಿಕ್ಕಿನದನ್ನು ಬಿಟ್ಟುಬಿಡುತ್ತದೆ. ಟಿ.ವಿ. ಅಲೆ ಬಹುಮಟ್ಟಿಗೆ ನೇರ ಸಾಗುವಂಥದ್ದು. ಗುಡ್ಡ ಅಡ್ಡ ಬಂದರೆ ಹೋಯಿತು. ದೂರ ಹೆಚ್ಚಾದರೆ ಭೂಮಿಯ ಬಾಗೇ ಅಡ್ಡ ಬರುತ್ತದೆ. ಅದಕ್ಕೇ ಕೇಂದ್ರದಿಂದ ದೂರವಿದ್ದವರು ಒಂದರ ಮೇಲೊಂದು ಕಬ್ಬಿಣದ ಪೈಪ್ ಜೋಡಿಸಿ ಆಂಟೆನಾವನ್ನು ತೆಂಗಿನ ಮರದೆತ್ತರಕ್ಕೆ ಏರಿಸುತ್ತಿದ್ದರು, ಜೊತೆಗೆ ಬೂಸ್ಟರ್ ಬೇರೆ. ಗಾಳಿ ಬೀಸಿದರೆ ಪೈಪ್ ಸುತ್ತಿಕೊಳ್ಳುತ್ತಿತ್ತು. ಕಾಗೆಗಳು ಕೂತು ಕಡ್ಡಿ ಬಗ್ಗಿಸುತ್ತಿದ್ದವು. ಚಪ್ಪಟೆ ವೈರ್ ಬಿಸಿಲಿಗೆ ಸೀಳುತ್ತಿತ್ತು.

ತಿರುಗಿಸುವ ಕೆಲಸಕ್ಕೆ ಮೂವರು ಬೇಕು. ಮಾಳಿಗೆಯ ಮೇಲೆ ಪೈಪ್ ಹಿಡಿದು ಚಿಕ್ಕಪ್ಪ, ಅಂಗಳದ ನಡುವೆ ನಾನು, ಟಿ.ವಿ. ಮುಂದೆ ಅಕ್ಕ. "ಬಂತಾ?" "ಬರೀ ಚುಕ್ಕಿ!" "ಈಗ?" "ಸೌಂಡ್ ಬಂತು, ಚಿತ್ರ ಇಲ್ಲ!" "ಈಗ?" "ಹಾಂ ಹಾಂ, ಅಲ್ಲೇ ಬಿಡಿ, ಅಲ್ಲೇ ಬಿಡಿ!" ನಡುವಿನವಳಾದ ನಾನು ಅಕ್ಕನ ಮಾತನ್ನು ಮೇಲಕ್ಕೆ, ಚಿಕ್ಕಪ್ಪನ ಮಾತನ್ನು ಒಳಕ್ಕೆ ಮುಟ್ಟಿಸಬೇಕು. ಒಂದು ಕ್ಷಣ ತಡವಾದರೂ ಚಿತ್ರ ಬಂದ ಜಾಗ ದಾಟಿಹೋಗುತ್ತಿತ್ತು. ಎಂಟು ವರ್ಷದವಳಿಗೆ ಅದು ದೊಡ್ಡ ಹೊಣೆ. ಅದನ್ನು ಚೆನ್ನಾಗಿ ಮಾಡುತ್ತೇನೆಂದು ನನಗೆ ಹೆಮ್ಮೆಯಿತ್ತು, ಈಗಲೂ ಇದೆ.

ಕರೆಂಟ್ ಹೋದರೆ ಏನು ಮಾಡುತ್ತಿದ್ದಿರಿ?

ಓಡುತ್ತಿದ್ದೆವು. ನಮ್ಮದು 20 ಇಂಚಿನ ಕಪ್ಪು-ಬಿಳುಪು ಶಟರ್ ಟಿ.ವಿ., ಕರೆಂಟ್ ಇಲ್ಲದೆ ನಡೆಯದು. ಕೆಳಗಿನ ಬೀದಿಯ ಒಂದು ಮನೆಯಲ್ಲಿ 14 ಇಂಚಿನ ಪೋರ್ಟಬಲ್ ಇತ್ತು. ಅದನ್ನು 12 ವೋಲ್ಟಿನ ಬ್ಯಾಟರಿಗೂ ಹಾಕಬಹುದಿತ್ತು. ಕರೆಂಟ್ ಹೋಯಿತೆಂದರೆ ಅವರು ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಎರಡು ಕ್ಲಿಪ್ ಸಿಕ್ಕಿಸುತ್ತಿದ್ದರು.

ಒಂದು ಭಾನುವಾರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ದ್ರೌಪದಿಯ ವಸ್ತ್ರಾಪಹರಣದ ಕಂತು. ಸೀರೆಗೆ ಕೈ ಹಾಕುವ ಹೊತ್ತಿಗೆ ಪರದೆ ಒಂದು ಬಿಳಿ ಚುಕ್ಕೆಯಾಗಿ ನಡುವಿಗೆ ಸೇರಿ ಆರಿಹೋಯಿತು. ಅರೆಕ್ಷಣ ಯಾರೂ ಅಲುಗಲಿಲ್ಲ. ಆಮೇಲೆ ಐವತ್ತು ಜನ ಒಟ್ಟಿಗೆ ಎದ್ದರು. ಚಪ್ಪಲಿ ಹುಡುಕದೆ, ಬರಿಗಾಲಲ್ಲಿ ಕೆಳಗಿನ ಬೀದಿಗೆ ಓಟ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ದೊಡ್ಡಮ್ಮ ಎಲ್ಲರಿಗಿಂತ ಮುಂದೆ. ಅಜ್ಜಿಗೆ ಮಂಡಿನೋವು, ಓಡುವ ಹಾಗಿಲ್ಲ. ಅವರ ಪಕ್ಕ ಯಾರಾದರೂ ಕೂರಬೇಕಲ್ಲ, ತಾತ ಕೂತರು. ನಾವು ವಾಪಸ್ ಬರುವಾಗ ಕರೆಂಟ್ ಇನ್ನೂ ಬಂದಿರಲಿಲ್ಲ. ಆರಿದ ಟಿ.ವಿ. ಮುಂದೆ ಇಬ್ಬರೂ ಹಾಗೇ ಕೂತಿದ್ದರು. ಅಜ್ಜಿ ಆ ಭಾಗದ ಪದ್ಯ ಹೇಳಿ ಮುಗಿಸುತ್ತಿದ್ದರು, ತಾತ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಒಂದು ಕಂತು ತಪ್ಪಿದರೆ?

ತಪ್ಪಿತು, ಅಷ್ಟೆ. ಮತ್ತೆ ನೋಡುವ ದಾರಿ ಇರಲಿಲ್ಲ. ನೋಡಿದವರ ಬಾಯಿಂದ ಕೇಳಬೇಕು. ಸೋಮವಾರ ಶಾಲೆಯಲ್ಲಿ ಮೊದಲ ಪಿರಿಯಡ್ಡಿಗೆ ಮುಂಚೆ ನಡೆಯುತ್ತಿದ್ದದ್ದು ಇದೇ. ಚೆನ್ನಾಗಿ ಕಥೆ ಹೇಳುವ ಹುಡುಗಿಯ ಸುತ್ತ ಗುಂಪು ಸೇರುತ್ತಿತ್ತು, ಅವಳು ಬಾಣ ಬಿಡುವ ಶಬ್ದವನ್ನೂ ಸೇರಿಸಿ ಹೇಳುತ್ತಿದ್ದಳು.

ವಾರದಲ್ಲಿ ಬೇರೇನು ಬರುತ್ತಿತ್ತು?

ಹಿಂದಿ ಹಾಡುಗಳಿಗೆ 'ಚಿತ್ರಹಾರ್', ಭಾನುವಾರ ಬೆಳಿಗ್ಗೆ 'ರಂಗೋಲಿ', ಕನ್ನಡ ಹಾಡುಗಳಿಗೆ ಬೆಂಗಳೂರು ಕೇಂದ್ರದ 'ಚಿತ್ರಮಂಜರಿ'. ಭಾನುವಾರ ಮಧ್ಯಾಹ್ನ ಕಿವಿ ಕೇಳದವರಿಗಾಗಿ ಸನ್ನೆಯ ವಾರ್ತೆ, ಅದರ ಹಿಂದೆಯೇ ಯಾವುದಾದರೂ ಪ್ರಾದೇಶಿಕ ಭಾಷೆಯ ಸಿನಿಮಾ. ಅಸ್ಸಾಮಿ, ಬಂಗಾಳಿ, ಮಲಯಾಳಂ ಎಲ್ಲ ದಾಟಿ ಕನ್ನಡದ ಸರದಿ ಬರುವುದನ್ನು ಕಾಯುತ್ತಿದ್ದೆವು. ಬಂತೆಂದರೆ ಇಡೀ ದೇಶ ಇವತ್ತು ನಮ್ಮದನ್ನು ನೋಡುತ್ತಿದೆ ಎಂಬ ಹಿಗ್ಗು. ಶ್ಯಾಮ್ ಬೆನೆಗಲ್ ಅವರ 'ಭಾರತ್ ಏಕ್ ಖೋಜ್', ಸಿದ್ಧಾರ್ಥ ಕಾಕ್ ಮತ್ತು ರೇಣುಕಾ ಶಹಾಣೆ ನಡೆಸುತ್ತಿದ್ದ 'ಸುರಭಿ'. ಸುರಭಿಯ ಪ್ರಶ್ನೆಗೆ ಉತ್ತರ ಬರೆದು ನಾನೂ ಕಾರ್ಡ್ ಹಾಕಿದ್ದೆ. ಬಹುಮಾನ ಬರಲಿಲ್ಲ. ಆದರೆ ಮೇಜಿನ ಮೇಲೆ ರಾಶಿ ಬಿದ್ದ ಕಾರ್ಡುಗಳನ್ನು ತೋರಿಸಿದಾಗಲೆಲ್ಲ ನನ್ನದೂ ಅಲ್ಲೆಲ್ಲೋ ಇದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ.

ಕನ್ನಡದಲ್ಲಿ ಏನೂ ಇರಲಿಲ್ಲವೇ?

ಇತ್ತು, ಆದರೆ ಎಲ್ಲ ಊರಿಗೂ ಸಿಗುತ್ತಿರಲಿಲ್ಲ. ಸಣ್ಣ ಮರುಪ್ರಸಾರ ಕೇಂದ್ರಗಳು ಉಪಗ್ರಹದಿಂದ ಬಂದದ್ದನ್ನು ಹಿಡಿದು ಹಾಗೇ ಬಿಡುತ್ತಿದ್ದವು, ಉಪಗ್ರಹದಲ್ಲಿ ಬರುತ್ತಿದ್ದದ್ದು ದೆಹಲಿಯದು. ಬೆಂಗಳೂರಿನ ಕನ್ನಡ ಕಾರ್ಯಕ್ರಮ ಬೆಂಗಳೂರಿನ ಸುತ್ತಿನವರಿಗೆ, ನಮ್ಮಂತೆ ಎತ್ತರದ ಪೈಪ್ ಹಾಕಿದವರಿಗೆ ಮಾತ್ರ. ಕರ್ನಾಟಕದ ಎಷ್ಟೋ ಊರುಗಳಿಗೆ ಟಿ.ವಿ. ಬಂದ ಮೇಲೂ ಟಿ.ವಿ.ಯಲ್ಲಿ ಕನ್ನಡ ಬರಲು ವರ್ಷಗಳೇ ಹಿಡಿದವು. ಈಗ ಇದನ್ನು ಯಾರೂ ನೆನೆಯುವುದಿಲ್ಲ. ನನಗೆ ಮಾತ್ರ ಅದು ಸಣ್ಣ ಸಂಗತಿ ಅನ್ನಿಸುವುದಿಲ್ಲ.

ಕನ್ನಡದ ಮೊದಮೊದಲ ಧಾರಾವಾಹಿಗಳಲ್ಲಿ 'ಸಿಹಿಕಹಿ' ಎಷ್ಟು ಮನೆಮಾತಾಯಿತೆಂದರೆ ಚಂದ್ರು, ಗೀತಾ ಇಬ್ಬರ ಹೆಸರಿನ ಹಿಂದೆಯೂ ಅದು ಇವತ್ತಿನವರೆಗೆ ಉಳಿದಿದೆ. 'ಕ್ರೇಜಿ ಕರ್ನಲ್'ಗೆ ಊರೆಲ್ಲ ನಗುತ್ತಿತ್ತು. ಸದಾನಂದ ಸುವರ್ಣ ಅವರ 'ಗುಡ್ಡದ ಭೂತ' ಬಂದ ರಾತ್ರಿ ನಾವು ಮಕ್ಕಳು ಹಿತ್ತಲಿಗೆ ಒಬ್ಬೊಬ್ಬರೇ ಹೋಗುತ್ತಿರಲಿಲ್ಲ. ಅದರ ಹಾಡು ಶುರುವಾದರೆ ಸಾಕು, ಬೆನ್ನಲ್ಲಿ ಚಳಿ. ಪ್ರಕಾಶ್ ರೈ ಅವರನ್ನು ನಾವು ಮೊದಲು ಕಂಡದ್ದು ಅದರಲ್ಲೇ. ಆಮೇಲೆ 1998ರಲ್ಲಿ 'ಮಾಯಾಮೃಗ' ಬಂತು, ಆದರೆ ಅಷ್ಟರಲ್ಲಿ ಧಾರಾವಾಹಿ ವಾರದ್ದಾಗಿರದೆ ದಿನದ್ದಾಗಿತ್ತು. 2002ರಲ್ಲಿ ಚಂದನದಲ್ಲಿ ಶುರುವಾದ ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಸರಿಯುತ್ತರಕ್ಕೆ ಪುಸ್ತಕ ಕೊಡುವ ಕಾರ್ಯಕ್ರಮ. ಅದನ್ನು ನಮ್ಮಪ್ಪ ಪೆನ್ನು, ಕಾಗದ ಹಿಡಿದೇ ನೋಡುತ್ತಿದ್ದರು.

'ಮಾಲ್ಗುಡಿ ಡೇಸ್' ಕನ್ನಡದ್ದಲ್ಲವೇ?

ಮಾತು ಹಿಂದಿ, ಮಿಕ್ಕಿದ್ದೆಲ್ಲ ನಮ್ಮದು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ ಕಾರ್ನಾಡ್, ಶೀರ್ಷಿಕೆಗೆ ಆರ್.ಕೆ. ಲಕ್ಷ್ಮಣ್ ಗೆರೆಗಳು, ಎಲ್. ವೈದ್ಯನಾಥನ್ ಸಂಗೀತ. ಹಿಂದಿ ಬಾರದ ನನ್ನಮ್ಮ "ಇವರ ಮನೆ ನಮ್ಮ ಮನೆ ಥರಾನೇ ಇದೆ ಕಣೇ" ಅಂದಿದ್ದರು. ಟಿ.ವಿ.ಯಲ್ಲಿ ನಮ್ಮ ಕಡೆಯ ಹಜಾರ, ಕಂಬ, ಹೆಂಚು ಕಂಡ ಮೊದಲ ಸಲ ಅದು. ಆಗುಂಬೆಯ ದೊಡ್ಡಮನೆ ನೋಡಲು ಜನ ಈಗಲೂ ಹೋಗುತ್ತಾರೆ. ಅದರಲ್ಲಿ ಬರುವ ರೈಲು ನಿಲ್ದಾಣ ಶಿವಮೊಗ್ಗ ಜಿಲ್ಲೆಯ ಅರಸಾಳಿನದು. ಅಲ್ಲಿನ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯ ಮಾಡಿದ್ದಾರೆ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅಪಘಾತದಲ್ಲಿ ತೀರಿಕೊಂಡರು. ಅವತ್ತು ನಮ್ಮ ಮನೆಯಲ್ಲಿ ಟಿ.ವಿ.ಯ ಶಟರ್ ತೆಗೆಯಲಿಲ್ಲ.

ಟಿಪ್ಪು ಧಾರಾವಾಹಿಯ ಬೆಂಕಿ ದುರಂತ ನಡೆದದ್ದು ಎಲ್ಲಿ?

ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, 1989ರ ಫೆಬ್ರವರಿ 8ರಂದು. ಸಂಜಯ್ ಖಾನ್ ಅವರ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಚಿತ್ರೀಕರಣದ ವೇಳೆ ಹೊತ್ತಿಕೊಂಡ ಬೆಂಕಿಯಲ್ಲಿ 62 ಜನ ಸತ್ತರು. ಸಂಜಯ್ ಖಾನ್ ಅವರಿಗೂ ತೀವ್ರ ಸುಟ್ಟಗಾಯಗಳಾಗಿ ಅವರು ಬಹುಕಾಲ ಆಸ್ಪತ್ರೆಯಲ್ಲಿದ್ದರು. ನಾವು ನಡುಮನೆಯಲ್ಲಿ ಕಾಲು ಚಾಚಿ ನೋಡಿದ ಆ ಕಥೆಗಾಗಿ ಅಷ್ಟು ಜೀವಗಳು ಹೋದವು. ಆ ಕಾಲದ ನೆನಪು ತೆಗೆದಾಗ ಅವರನ್ನೂ ನೆನೆಯಬೇಕು.

ಆ ಕಾಲ ಎಲ್ಲರಿಗೂ ಅಷ್ಟು ಚೆನ್ನಾಗಿತ್ತೇ?

ಇಲ್ಲ. ಇದನ್ನು ಬರೆಯದೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ನಮ್ಮ ನಡುಮನೆ ತುಂಬಿರುತ್ತಿತ್ತು ಅಂದೆ. ಊರ ಆಚೆಯ ಕೇರಿಯ ಮಕ್ಕಳು ಬರುತ್ತಿದ್ದರು, ಆದರೆ ಒಳಗಲ್ಲ. ಬೀದಿಯಲ್ಲಿ ನಿಂತು ಕಿಟಕಿಯ ಸರಳುಗಳ ನಡುವೆ ನೋಡುತ್ತಿದ್ದರು. ಬರಬೇಡಿ ಎಂದು ಅವರಿಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಬನ್ನಿ ಎಂದು ಹೇಳಿದ್ದನ್ನೂ ಕೇಳಿಲ್ಲ. ನನ್ನ ತರಗತಿಯಲ್ಲೇ ಓದುತ್ತಿದ್ದ ಒಬ್ಬಳು ಆ ಕಿಟಕಿಯಲ್ಲಿ ಇರುತ್ತಿದ್ದಳು. ಸೋಮವಾರ ಕಥೆ ಹೇಳುತ್ತಿದ್ದವಳು ಅವಳೇ. ನಾನು ಜಮಖಾನದ ಮುಂದಿನ ಸಾಲಿನಲ್ಲಿ ಕೂತು ನೋಡಿದ್ದಕ್ಕಿಂತ ಹೆಚ್ಚನ್ನು ಅವಳು ಸರಳುಗಳ ನಡುವೆ ನೋಡಿರುತ್ತಿದ್ದಳು. ಆಗ ನನಗೆ ಇದು ಕಣ್ಣಿಗೆ ಬೀಳಲಿಲ್ಲ, ಎಷ್ಟೋ ವರ್ಷದ ಮೇಲೆ ಬಿತ್ತು.

ಇನ್ನು ಮನೆಯ ಹೆಂಗಸರು. ಐವತ್ತು ಜನ ಕೂತ ಮನೆಯಲ್ಲಿ ಯಾರಿಗಾದರೂ ನೀರು ಬೇಕು, ಯಾರಿಗಾದರೂ ಕಾಫಿ ಬೇಕು. ಅಮ್ಮ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಶಂಖದ ಸದ್ದಿಗೆ ಒಂದು ಸಲ ಬಂದು ಇಣುಕಿ, ಸಾರು ಉಕ್ಕೀತೆಂದು ಓಡುತ್ತಿದ್ದರು. 2020ರ ಮಾರ್ಚ್ 28ರಿಂದ, ಲಾಕ್‌ಡೌನ್‌ನಲ್ಲಿ, ದೂರದರ್ಶನ ರಾಮಾಯಣವನ್ನು ಮತ್ತೆ ಹಾಕಿತಲ್ಲ, ಆಗ ಅಮ್ಮನಿಗೆ ಎಪ್ಪತ್ತು ದಾಟಿತ್ತು. ಅಡುಗೆಗೆ ನಾವಿದ್ದೆವು. ಕುರ್ಚಿಯಲ್ಲಿ ಕೂತು ಮೊದಲ ಕಂತಿನಿಂದ ಕೊನೆಯವರೆಗೆ ನೋಡಿದರು. "ಇದನ್ನ ನಾನು ಕೇಳಿದ್ದೆ, ನೋಡಿರಲಿಲ್ಲ" ಅಂದರು.

ಟಿ.ವಿ. ನೋಡುತ್ತ ಸುಮ್ಮನೆ ಕೂರುತ್ತಿದ್ದಿರಾ?

ಯಾರ ಕೈಯೂ ಸುಮ್ಮನಿರುತ್ತಿರಲಿಲ್ಲ. ಹೂವು ಕಟ್ಟುವುದು, ಅಕ್ಕಿ ಆರಿಸುವುದು, ಚಳಿಗಾಲವಾದರೆ ಅವರೆಕಾಯಿ. ಸೊಗಡಿನ ಅವರೆಯ ವಾಸನೆ ಮೂಗಿಗೆ ಬಂದರೆ ನನಗೆ ಇವತ್ತಿಗೂ ಕಪ್ಪು-ಬಿಳುಪು ಚಿತ್ರ ಕಾಣುತ್ತದೆ. ಹಿಂದಿನ ರಾತ್ರಿ ನೆನೆಹಾಕಿದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಕಣ್ಣು ಟಿ.ವಿ. ಮೇಲಿದ್ದರೆ ಅದು ಪಾತ್ರೆಗೆ ಬೀಳದೆ ಮುಂದೆ ಕೂತವರ ಬೆನ್ನಿಗೆ ಬೀಳುತ್ತದೆ. ಯುದ್ಧದ ಕಂತಾದರೆ ಜಮಖಾನದ ತುಂಬ ಬೇಳೆ.

ಇದೆಲ್ಲ ಯಾವಾಗ ಮುಗಿಯಿತು?

ಒಂದು ದಿನ ಎಂದು ಹೇಳಲಾಗದು. 1992ರಲ್ಲಿ ಝೀ, 1994ರ ಜೂನ್‌ನಲ್ಲಿ ಉದಯ, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ. ಉದಯ ಬಂದದ್ದು ಕನ್ನಡಿಗರಿಗೆ ದೊಡ್ಡ ಸಂತೋಷ, ದಿನವಿಡೀ ಕನ್ನಡ ಸಿಗುವಂತಾಯಿತು. ಅದನ್ನು ನಾನು ನಷ್ಟದ ಲೆಕ್ಕಕ್ಕೆ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಬದಲಾವಣೆ ಗೊತ್ತಾದದ್ದು ರಿಮೋಟ್ ಬಂದಾಗ. ಅದುವರೆಗೆ ಜಗಳ ಜಾಗಕ್ಕೆ ಇತ್ತು, ಆಮೇಲೆ ಚಾನೆಲ್‌ಗೆ ಆಯಿತು. ಕೆಲವು ವರ್ಷಕ್ಕೆ ಕೋಣೆಯಲ್ಲಿ ಎರಡನೇ ಟಿ.ವಿ. ಬಂತು, ಜಗಳವೂ ನಿಂತಿತು. ಊರಿನಲ್ಲಿ ಮನೆಮನೆಗೂ ಟಿ.ವಿ. ಆದ ಮೇಲೆ ನಮ್ಮ ಹೊಸ್ತಿಲಾಚೆ ಚಪ್ಪಲಿಯ ರಾಶಿ ಇಲ್ಲವಾಯಿತು. ಕಿಟಕಿಯಲ್ಲಿ ನಿಲ್ಲುತ್ತಿದ್ದವರ ಮನೆಗೂ ಟಿ.ವಿ. ಬಂತು. ಅದು ಬರಬೇಕಾಗಿತ್ತು.

ಮನೆಯಲ್ಲಿ ಮತ್ತೆ ಹಾಗೆ ಕೂಡಿ ನೋಡಲು ಸಾಧ್ಯವೇ?

ಸಾಧ್ಯ, ನಾವು ಮಾಡುತ್ತಿದ್ದೇವೆ. ಹಳೆಯ ಕಾರ್ಯಕ್ರಮವೇ ಆಗಬೇಕೆಂದಿಲ್ಲ. ಗಟ್ಟಿಯಾಗಿ ಹಿಡಿಯಬೇಕಾದದ್ದು ಎರಡು: ಹೊತ್ತು ಬದಲಾಗಬಾರದು, ವಾರಕ್ಕೆ ಒಂದೇ ಕಂತು. ಮುಂದಿನ ಕಂತು ಕೈಯಳತೆಯಲ್ಲಿದ್ದರೂ ಮುಂದಿನ ವಾರಕ್ಕೇ. ನನ್ನ ಮಗಳಿಗೆ ಮೊದಲ ಮೂರು ವಾರ ಇದು ಹಿಂಸೆ ಅನ್ನಿಸಿತು. ನಾಲ್ಕನೇ ವಾರದ ಗುರುವಾರ ಅವಳು ಊಟಕ್ಕೆ ಕೂತಾಗ "ಅವನು ಬದುಕಿರಬಹುದಾ ಅಮ್ಮ?" ಎಂದು ಕೇಳಿದಳು. ಕಥೆಯ ಬಗ್ಗೆ ವಾರದ ನಡುವೆ ಮಾತು ಹುಟ್ಟಿತು ಎಂದು ನನಗೆ ಆದ ಖುಷಿ ಇಷ್ಟಲ್ಲ. ಫೋನುಗಳು ಬೇರೆ ಕೋಣೆಯಲ್ಲಿರಲಿ. ಕೈಗೊಂದು ಕೆಲಸ ಇದ್ದರೆ ಒಳ್ಳೆಯದು. ಏನು ನೋಡಬೇಕೆಂಬುದನ್ನು ಸರದಿಯ ಮೇಲೆ ಒಬ್ಬೊಬ್ಬರು ಆರಿಸಲಿ, ಮನೆಯ ಅತಿ ಚಿಕ್ಕವರೂ ಅತಿ ಹಿರಿಯರೂ ಸೇರಿ.

ನಮ್ಮದು ಭಾನುವಾರ ಸಂಜೆ ಏಳಕ್ಕೆ. ಅಮೆರಿಕದ ಪೂರ್ವ ತೀರದಲ್ಲಿರುವ ತಮ್ಮನ ಮನೆಯವರೂ ಅದೇ ಹೊತ್ತಿಗೆ ಅದನ್ನೇ ಹಾಕುತ್ತಾರೆ. ಬೇಸಿಗೆಯ ತಿಂಗಳುಗಳಲ್ಲಿ ಅವರಿಗೆ ಅದು ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಇದನ್ನು ಮೊದಲು ಗಮನಿಸಿದವನು ಅವನೇ.

ಅಟ್ಟದ ಮೇಲೆ ಹಳೆಯ ಟಿ.ವಿ. ಇದೆ. ನಡೆಸಬಹುದೇ?

ಆಂಟೆನಾದಿಂದ ಏನೂ ಸಿಗದು, ಆ ಹಳೆಯ ಅನಲಾಗ್ ಪ್ರಸಾರವನ್ನು ದೂರದರ್ಶನ ಬಹುತೇಕ ಎಲ್ಲ ಕಡೆ ನಿಲ್ಲಿಸಿದೆ. ಸೆಟ್ ಸರಿಯಿದ್ದರೆ ಸೆಟ್‌ಟಾಪ್ ಬಾಕ್ಸ್ ಜೊತೆಗೆ, ಅದರ ಚಿತ್ರವನ್ನು ಹಳೆಯ ಟಿ.ವಿ. ಹಿಡಿಯುವ ಅಲೆಗೆ ಬದಲಿಸುವ ಆರ್‌ಎಫ್ ಮಾಡ್ಯುಲೇಟರ್ ಹಾಕಿ ಚಿತ್ರ ತರಿಸಬಹುದು, ಹಳೆಯ ಕಾಲದ ಮೆಕ್ಯಾನಿಕ್ ಸಿಕ್ಕರೆ ಅವರಿಗೆ ಗೊತ್ತಿರುತ್ತದೆ. ನೀವೇ ಹಿಂಬದಿ ಬಿಚ್ಚಬೇಡಿ. ಪಿಕ್ಚರ್ ಟ್ಯೂಬ್ ಪ್ಲಗ್ ತೆಗೆದ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಬೇಡವೆಂದರೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಆ ಗಾಜಿನಲ್ಲಿ ಸೀಸ ಇರುತ್ತದೆ, ತಿಪ್ಪೆಗೆ ಹಾಕಬೇಡಿ.

ಹಿರಿಯರ ನೆನಪುಗಳನ್ನು ಬರೆದಿಡಬೇಕು. ಏನು ಕೇಳಲಿ?

"ಆಗ ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತಾರೆ, ಮುಗಿಯಿತು. ಟಿ.ವಿ. ಮನೆಯ ಯಾವ ಗೋಡೆಗಿತ್ತು ಎಂದು ಕೇಳಿ. ಅದರ ಮೇಲೆ ಯಾವ ಬಟ್ಟೆ ಹೊದಿಸಿದ್ದರು, ಯಾರು ಎಲ್ಲಿ ಕೂರುತ್ತಿದ್ದರು, ಯಾರು ಕೂರುತ್ತಿರಲಿಲ್ಲ, ಆಂಟೆನಾ ಹತ್ತುತ್ತಿದ್ದವರು ಯಾರು, ಲೈಸೆನ್ಸ್ ಹಣ ಕಟ್ಟಿದ್ದು ನೆನಪಿದೆಯೇ. ಎಂಬತ್ತರ ದಶಕದ ನಡುವಿನವರೆಗೂ ಟಿ.ವಿ. ಇಟ್ಟುಕೊಳ್ಳಲು ಅಂಚೆಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಫೋನಿನಲ್ಲಿ ದನಿ ರೆಕಾರ್ಡ್ ಮಾಡಿಕೊಳ್ಳಿ. ಅಜ್ಜಿಯ ಪದ್ಯಗಳನ್ನು ನಾನು ರೆಕಾರ್ಡ್ ಮಾಡಲಿಲ್ಲ.

ನಿಮ್ಮ ಮನೆಯ ಆ ಟಿ.ವಿ. ಈಗ ಎಲ್ಲಿದೆ?

ಊರಿನಲ್ಲಿ, ಭತ್ತದ ಕೋಣೆಯಲ್ಲಿ. ಶಟರ್ ಸಿಕ್ಕಿಕೊಂಡಿದೆ. ಹೋದ ದೀಪಾವಳಿಗೆ ಅಣ್ಣನ ಮಗ ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ಒಂದು ಬದಿ ಎಳೆದ. ಒಳಗಡೆ ಮರದ ಮೇಲೆ ಚಿಕ್ಕಪ್ಪನ ಅಕ್ಷರದಲ್ಲಿ ಪೆನ್ಸಿಲ್ ಗುರುತು ಇತ್ತು: "ಬೆಂಗಳೂರು — ಬಾವಿ ಹತ್ರದ ತೆಂಗಿನ ಮರದಿಂದ ಎಡಕ್ಕೆ ಒಂದು ಗೇಣು." ಬಾವಿಯನ್ನು ಮುಚ್ಚಿ ಬಹಳ ವರ್ಷವಾಗಿದೆ. ಹುಡುಗ ಅದನ್ನು ಗಟ್ಟಿಯಾಗಿ ಓದಿದ್ದು ಕೇಳಿ ಚಿಕ್ಕಪ್ಪ ಹೊರಗಿನಿಂದಲೇ "ಒಂದು ಗೇಣಲ್ಲ, ಒಂದೂವರೆ" ಅಂದರು.